ಸ್ವಂತ ಕಸುಬಿನ ಗಳಿಕೆ ನಿಂತಾಗ: ನಿರುದ್ಯೋಗ ಭತ್ಯೆಯ ಹಕ್ಕು ಯಾರಿಗೆ, ಎಲ್ಲಿ, ಹೇಗೆ?

ಕೆಲಸ ಕಳೆದುಕೊಂಡವರಿಗೆ ಹಣದ ನೆರವು ನೀಡುವ ಭಾರತದ ಕಾನೂನುಗಳು ಬಹುಮಟ್ಟಿಗೆ ಸಂಬಳದಾರರನ್ನೇ ಲಕ್ಷ್ಯದಲ್ಲಿಟ್ಟುಕೊಂಡು ರೂಪುಗೊಂಡಿವೆ. ಆದ್ದರಿಂದ ಬೆಟಗೇರಿಯ ಮಗ್ಗದ ನೇಕಾರ, ಗದಗದ ಸಣ್ಣ ಮುದ್ರಣಾಲಯದ ಮಾಲೀಕ, ಲಕ್ಷ್ಮೇಶ್ವರದ ಟೇಲರ್, ಮುಂಡರಗಿಯ ಸಂತೆಯಲ್ಲಿ ಅಂಗಡಿ ಹಚ್ಚುವ ವ್ಯಾಪಾರಿ ಇವರ ಗಳಿಕೆ ನಿಂತುಹೋದಾಗ ನಿರುದ್ಯೋಗ ಭತ್ಯೆಗಾಗಿ ಯಾವ ಕಚೇರಿಗೆ ಅರ್ಜಿ ಕೊಡಬೇಕೆಂಬ ಪ್ರಶ್ನೆಗೆ ನೇರ ಉತ್ತರ ಸಿಗುವುದಿಲ್ಲ. ಸಂವಿಧಾನದ 41ನೆಯ ವಿಧಿಯು ನಿರುದ್ಯೋಗ, ವೃದ್ಧಾಪ್ಯ, ಅನಾರೋಗ್ಯ ಮತ್ತು ಅಂಗವಿಕಲತೆಯ ಸಂದರ್ಭಗಳಲ್ಲಿ ಸಾರ್ವಜನಿಕ ನೆರವು ನೀಡುವಂತೆ ರಾಜ್ಯಕ್ಕೆ ಹೇಳುತ್ತದೆಯಾದರೂ, ಅದು ರಾಜ್ಯದ ಆರ್ಥಿಕ ಸಾಮರ್ಥ್ಯದ ಮಿತಿಗೆ ಒಳಪಟ್ಟ ನಿರ್ದೇಶಕ ತತ್ತ್ವವಾಗಿರುವುದರಿಂದ, 37ನೆಯ ವಿಧಿಯ ಪ್ರಕಾರ ಅದನ್ನೇ ಆಧಾರವಾಗಿಟ್ಟುಕೊಂಡು ನ್ಯಾಯಾಲಯದಲ್ಲಿ ಹಣ ಕೇಳಲು ಬರುವುದಿಲ್ಲ. ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ (1985) ಸುಪ್ರೀಂ ಕೋರ್ಟ್ ಜೀವನೋಪಾಯವನ್ನು 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಒಪ್ಪಿತು. ಆದರೆ ಆ ತೀರ್ಪು ಇರುವ ಜೀವನೋಪಾಯವನ್ನು ಕಾನೂನುಕ್ರಮವಿಲ್ಲದೆ ಕಸಿದುಕೊಳ್ಳುವುದನ್ನು ತಡೆಯುತ್ತದೆಯೇ ಹೊರತು, ತಾನಾಗಿ ಕೈಬಿಟ್ಟುಹೋದ ಗಳಿಕೆಗೆ ಬದಲಾಗಿ ಭತ್ಯೆಯನ್ನು ಕೊಡಿಸುವುದಿಲ್ಲ.

ಭತ್ಯೆಯ ಹೆಸರು ಹೊತ್ತ ಎರಡು ಯೋಜನೆಗಳ ಬಗ್ಗೆ ಜನರಲ್ಲಿ ತಪ್ಪು ನಿರೀಕ್ಷೆಯಿದೆ. ಕಾರ್ಮಿಕರ ರಾಜ್ಯ ವಿಮಾ (ಇಎಸ್‌ಐ) ನಿಗಮವು 2018ರ ಜುಲೈಯಿಂದ ನಡೆಸುತ್ತಿರುವ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಲ್ಲಿ, ಕೆಲಸ ಕಳೆದುಕೊಂಡ ವಿಮಾದಾರನಿಗೆ ಸರಾಸರಿ ದಿನಗೂಲಿಯ ಅರ್ಧದಷ್ಟು ಮೊತ್ತವನ್ನು ಗರಿಷ್ಠ 90 ದಿನಗಳವರೆಗೆ ಕೊಡಲಾಗುತ್ತದೆ. ಆದರೆ ಮಾಲೀಕನೊಬ್ಬನ ಮೂಲಕ ಇಎಸ್‌ಐ ವಂತಿಗೆ ಕಟ್ಟಿದವರಿಗೆ ಮಾತ್ರ. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಚಾಲನೆ ಪಡೆದ ಯುವನಿಧಿಯು ಪದವಿ ಮತ್ತು ಡಿಪ್ಲೊಮಾ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ಕ್ರಮವಾಗಿ ತಿಂಗಳಿಗೆ 3,000 ಮತ್ತು 1,500 ರೂಪಾಯಿಗಳನ್ನು ಹೆಚ್ಚೆಂದರೆ ಎರಡು ವರ್ಷ ನೀಡುವ ಯೋಜನೆಯಾಗಿದ್ದು, ಸಾಲ ಪಡೆದು ಸ್ವಯಂ ಉದ್ಯೋಗ ಕೈಗೊಂಡವರನ್ನು ಹೊರಗಿಡುತ್ತದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ, 2020 ಸ್ವಯಂ ಉದ್ಯೋಗಿ ಯಾರೆಂದು ವ್ಯಾಖ್ಯಾನಿಸಿ, ಅಸಂಘಟಿತರಿಗಾಗಿ ಜೀವವಿಮೆ, ಆರೋಗ್ಯ, ಹೆರಿಗೆ, ವೃದ್ಧಾಪ್ಯ ಮೊದಲಾದ ಯೋಜನೆಗಳನ್ನು ರೂಪಿಸಬಹುದೆಂದು ಹೇಳಿದರೂ, ಆ ಪಟ್ಟಿಯಲ್ಲಿ ನಿರುದ್ಯೋಗವನ್ನು ಹೆಸರಿಸಿಲ್ಲ. ದಕ್ಷಿಣ ಕೊರಿಯಾದಲ್ಲಿ ಸ್ವಂತ ಉದ್ಯೋಗ ಮಾಡುವವರು ಸ್ವಇಚ್ಛೆಯಿಂದ ಉದ್ಯೋಗ ವಿಮೆಗೆ ಸೇರಬಹುದಾದ ವ್ಯವಸ್ಥೆಯಿರುವುದನ್ನು ನೆನೆದರೆ, ಇದು ಆಗದ ಕೆಲಸವೇನೂ ಅಲ್ಲ. ಶಾಸನಕರ್ತರು ಮಾಡದೆ ಬಿಟ್ಟ ಕೆಲಸ.

ಹಾಗಿದ್ದರೂ ಸ್ವಂತ ಕಸುಬಿನವನೂ ಹಕ್ಕಾಗಿ ಕೇಳಬಹುದಾದ ನಿರುದ್ಯೋಗ ಭತ್ಯೆ ಒಂದಿದೆ. ಮಹಾತ್ಮ ಗಾಂಧಿ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತ್ರಿ (ನರೇಗಾ) ಕಾಯ್ದೆ, 2005ರ 7ನೆಯ ಪ್ರಕರಣದಂತೆ, ಕೆಲಸ ಕೇಳಿ ಅರ್ಜಿ ಕೊಟ್ಟ 15 ದಿನಗಳೊಳಗೆ ಕೆಲಸ ಸಿಗದಿದ್ದರೆ ಅರ್ಜಿದಾರನಿಗೆ ದಿನದ ಲೆಕ್ಕದಲ್ಲಿ ಭತ್ಯೆ ಸಲ್ಲಬೇಕು. ಅದು ಮೊದಲ 30 ದಿನಗಳಿಗೆ ಕೂಲಿ ದರದ ಕಾಲು ಭಾಗಕ್ಕೂ, ಆ ಆರ್ಥಿಕ ವರ್ಷದ ಉಳಿದ ದಿನಗಳಿಗೆ ಅರ್ಧ ಭಾಗಕ್ಕೂ ಕಡಿಮೆ ಇರಕೂಡದು. ಕರ್ನಾಟಕದಲ್ಲಿ 2025–26ರ ಕೂಲಿ ದರ 370 ರೂಪಾಯಿ ಇದ್ದುದರಿಂದ, ಆ ಲೆಕ್ಕದಲ್ಲಿ ಮೊದಲ ತಿಂಗಳಿಗೆ ದಿನಕ್ಕೆ ಕನಿಷ್ಠ 92 ರೂಪಾಯಿ 50 ಪೈಸೆ, ಅನಂತರ ಕನಿಷ್ಠ 185 ರೂಪಾಯಿ ಆಗುತ್ತದೆ. ಈ ಕಾಯ್ದೆಯು ಅರ್ಜಿದಾರನ ಹಿಂದಿನ ಕಸುಬು ಏನೆಂದು ಕೇಳುವುದಿಲ್ಲ, ಆದಾಯದ ಮಿತಿಯನ್ನೂ ಹಾಕುವುದಿಲ್ಲ. ಗ್ರಾಮೀಣ ಕುಟುಂಬದ ವಯಸ್ಕ ಸದಸ್ಯನಾಗಿದ್ದು, ಕೌಶಲರಹಿತ ದೈಹಿಕ ಕೆಲಸಕ್ಕೆ ಸಿದ್ಧನಿದ್ದರೆ ಸಾಕು. ಮಗ್ಗ ನಿಂತ ನೇಕಾರನೂ ಗಿರಾಕಿಯಿಲ್ಲದ ಕಮ್ಮಾರನೂ ರೈತಕೂಲಿಯಷ್ಟೇ ಅರ್ಹರು.

ಅಡಚಣೆ ಇರುವುದು ‘ಗ್ರಾಮೀಣ’ ಎಂಬ ಷರತ್ತಿನಲ್ಲಿ. ಗದಗ–ಬೆಟಗೇರಿ ನಗರಸಭೆ, ಲಕ್ಷ್ಮೇಶ್ವರ ಮತ್ತು ಮುಂಡರಗಿ ಪುರಸಭೆಗಳು, ಶಿರಹಟ್ಟಿ ಪಟ್ಟಣ ಪಂಚಾಯಿತಿ ಈ ನಾಲ್ಕೂ ನಗರ ಸ್ಥಳೀಯ ಸಂಸ್ಥೆಗಳಾದ್ದರಿಂದ ಇವುಗಳ ಗಡಿಯೊಳಗೆ ವಾಸಿಸುವವರಿಗೆ ಈ ಕಾಯ್ದೆಯಡಿ ಕೆಲಸ ಕೇಳಲು ಬೇಕಾದ ಉದ್ಯೋಗ ಚೀಟಿ ಸಿಗುವುದಿಲ್ಲ. ಆದರೆ ಹುಲಕೋಟಿ, ಲಕ್ಕುಂಡಿ, ಶಿಗ್ಲಿ, ಬೆಳ್ಳಟ್ಟಿ, ಡಂಬಳ ಮುಂತಾದ ಗ್ರಾಮ ಪಂಚಾಯಿತಿಗಳ ನಿವಾಸಿಗೆ ಸಿಗುತ್ತದೆ. ಒಂದೇ ಕಸುಬು, ಒಂದೇ ಮಾರುಕಟ್ಟೆ, ಒಂದೇ ನಷ್ಟವಿದ್ದರೂ ಊರಿನ ಎಲ್ಲೆಯೇ ಹಕ್ಕನ್ನು ನಿರ್ಧರಿಸುವುದು ನ್ಯಾಯವೆನಿಸದು. ಕೇರಳ ಮತ್ತು ರಾಜಸ್ಥಾನಗಳು ಪಟ್ಟಣವಾಸಿಗಳಿಗೂ ಉದ್ಯೋಗ ಖಾತ್ರಿಯ ಯೋಜನೆಗಳನ್ನು ತಂದಿದ್ದರೂ ಕರ್ನಾಟಕದ ಪಟ್ಟಣಗಳಿಗೆ ಅಂಥ ಯೋಜನೆಯಿಲ್ಲ.

ಹಳ್ಳಿಯ ನಿವಾಸಿಯು ಮೊದಲು ಗ್ರಾಮ ಪಂಚಾಯಿತಿಯಲ್ಲಿ ಕುಟುಂಬದ ಹೆಸರು ನೋಂದಾಯಿಸಿ ಉದ್ಯೋಗ ಚೀಟಿ ಪಡೆಯಬೇಕು. ಬಳಿಕ ಕನಿಷ್ಠ 14 ದಿನಗಳ ಸತತ ಕೆಲಸ ಕೋರಿ ನಮೂನೆ 6ರಲ್ಲಿ ಅರ್ಜಿ ಸಲ್ಲಿಸಿ, ದಿನಾಂಕವಿರುವ ಸ್ವೀಕೃತಿಯನ್ನು ಪಡೆಯಬೇಕು. ಭತ್ಯೆಯ ಇಡೀ ವಾದ ನಿಲ್ಲುವುದು ಈ ಸ್ವೀಕೃತಿಯ ಮೇಲೆ, ಏಕೆಂದರೆ 15 ದಿನಗಳ ಎಣಿಕೆಗೆ ಬೇರೆ ಆಧಾರವಿರುವುದಿಲ್ಲ. ಬಾಯಿಮಾತಿನಲ್ಲಿ ಕೆಲಸ ಕೇಳಿ ಸ್ವೀಕೃತಿಯಿಲ್ಲದೆ ಹಿಂದಿರುಗಿದವನಿಗೆ ತಾನು ಕೇಳಿದ್ದನ್ನು ತೋರಿಸುವುದೇ ಕಷ್ಟ. ಗಡುವು ಮೀರಿದ ಮೇಲೆ ಕಾರ್ಯಕ್ರಮ ಅಧಿಕಾರಿಗೆ, ಅಂದರೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ, ಸ್ವೀಕೃತಿಯ ಪ್ರತಿ ಲಗತ್ತಿಸಿ ಭತ್ಯೆಯನ್ನು ಲಿಖಿತವಾಗಿ ಕೇಳಬೇಕು. ಭತ್ಯೆಯು ಬಾಕಿಯಾದ ದಿನದಿಂದ 15 ದಿನಗಳೊಳಗೆ ಪಾವತಿಯಾಗಬೇಕು ಮತ್ತು ಅದರ ಹೊಣೆ ರಾಜ್ಯ ಸರ್ಕಾರದ್ದು. ಆಗದಿದ್ದರೆ ಜಿಲ್ಲೆಯ ನರೇಗಾ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಕೆಲಸಕ್ಕೆ ಕರೆ ಬಂದರೂ 15 ದಿನಗಳೊಳಗೆ ಹಾಜರಾಗದಿದ್ದರೆ ಮೂರು ತಿಂಗಳು ಭತ್ಯೆ ಕೇಳುವ ಹಕ್ಕು ತಪ್ಪುತ್ತದೆ ಎಂಬುದನ್ನೂ ಮರೆಯಬಾರದು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಈ ಕಾಯ್ದೆಯ ಸ್ಥಾನಕ್ಕೆ 125 ದಿನಗಳ ಕೆಲಸದ ಭರವಸೆ ನೀಡುವ, ‘ವಿಬಿ–ಜಿ ರಾಮ್ ಜಿ’ ಎಂದು ಕರೆಯಲಾಗುವ ಹೊಸ ಕಾಯ್ದೆಯನ್ನು ಅಂಗೀಕರಿಸಿದ್ದು, ಅದರಲ್ಲಿಯೂ ನಿರುದ್ಯೋಗ ಭತ್ಯೆಯ ಅವಕಾಶವಿದೆ. ಆದ್ದರಿಂದ ಅರ್ಜಿಯ ದಿನ ಯಾವ ಕಾಯ್ದೆಯ ನಮೂನೆ ಚಾಲ್ತಿಯಲ್ಲಿದೆ ಎಂಬುದನ್ನು ಪಂಚಾಯಿತಿಯಲ್ಲಿ ವಿಚಾರಿಸಿಕೊಳ್ಳುವುದು ಲೇಸು.

ಪಟ್ಟಣದ ಕಸುಬುದಾರನು ಬೇರೊಂದು ಪ್ರಶ್ನೆಯಿಂದ ಆರಂಭಿಸಬೇಕಾಗುತ್ತದೆ: ತಾನು ನಿಜವಾಗಿಯೂ ಸ್ವಯಂ ಉದ್ಯೋಗಿಯೇ? ಮಾಲೀಕನಿಂದ ನೂಲು ಮತ್ತು ವಿನ್ಯಾಸ ಪಡೆದು, ಅವನು ಹೇಳಿದಂತೆ ನೇಯ್ದು, ಸೀರೆಗೆ ಇಷ್ಟೆಂದು ಕೂಲಿ ಪಡೆಯುವ ನೇಕಾರನನ್ನು ಸ್ವಂತ ಉದ್ಯೋಗದವನೆಂದು ಕರೆಯುವುದು ರೂಢಿಯಾದರೂ, ಕಾನೂನು ರೂಢಿಯ ಹೆಸರನ್ನು ಕೊನೆಯ ಮಾತೆಂದು ಒಪ್ಪುವುದಿಲ್ಲ. ಸಿಲ್ವರ್ ಜ್ಯುಬಿಲಿ ಟೇಲರಿಂಗ್ ಹೌಸ್ ಪ್ರಕರಣದಲ್ಲಿ (1973) ಸುಪ್ರೀಂ ಕೋರ್ಟ್, ತುಂಡಿನ ಲೆಕ್ಕದಲ್ಲಿ ಕೂಲಿ ಪಡೆದು, ಒಮ್ಮೊಮ್ಮೆ ಬಟ್ಟೆಯನ್ನು ಮನೆಗೊಯ್ದು ಹೊಲಿಯುತ್ತಿದ್ದ ಟೇಲರ್‌ಗಳನ್ನೂ ಅಂಗಡಿಯ ನೌಕರರೆಂದೇ ಪರಿಗಣಿಸಿತು. ಕೆಲಸ ಸರಿಯಿಲ್ಲವೆಂದು ತಿರಸ್ಕರಿಸುವ ಮಾಲೀಕನ ಅಧಿಕಾರ ಅಲ್ಲಿ ಮುಖ್ಯವಾಗಿತ್ತು. ಇಂಥ ಸಂಬಂಧವನ್ನು ಸಾಬೀತುಪಡಿಸಬಲ್ಲವನು, ಸಂಸ್ಥೆಗೆ ಕಾಯ್ದೆ ಅನ್ವಯಿಸುವಂತಿದ್ದರೆ, ಇಎಸ್‌ಐ ವ್ಯಾಪ್ತಿಯನ್ನೂ, ಒಂದು ವರ್ಷದ ನಿರಂತರ ಸೇವೆಯ ಬಳಿಕ ಕೆಲಸದಿಂದ ತೆಗೆದಾಗ ಪ್ರತಿ ಪೂರ್ಣ ವರ್ಷದ ಸೇವೆಗೆ 15 ದಿನಗಳ ಸರಾಸರಿ ವೇತನದ ಪರಿಹಾರವನ್ನೂ ಕೇಳಲು ಅವಕಾಶವಿದೆ. ನೂಲು ಕೊಟ್ಟ ಚೀಟಿ, ಕೂಲಿಯ ಪುಸ್ತಕ, ಫೋನ್‌ಪೇ ಪಾವತಿಯ ವಿವರ ಇವೇ ಸಾಕ್ಷ್ಯಗಳು. ಕೆಲಸ ನಿಂತ ಮೇಲೆ ಇವುಗಳನ್ನು ಹುಡುಕುವುದು ಕಷ್ಟ.

ಪಟ್ಟಣದ ಸ್ವಂತ ಕಸುಬುದಾರರಿಗೆ ಗಳಿಕೆ ನಿಂತ ಕಾರಣಕ್ಕಾಗಿಯೇ ಸರ್ಕಾರ ಹಣ ಕೊಟ್ಟ ಉದಾಹರಣೆ ಕೋವಿಡ್ ಕಾಲದ್ದು. 2020ರ ಮೇ ತಿಂಗಳಲ್ಲಿ ರಾಜ್ಯವು ಕ್ಷೌರಿಕರು, ಅಗಸರು, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ಒಂದು ಬಾರಿಯ 5,000 ರೂಪಾಯಿಯನ್ನೂ, 2021ರ ಮೇ ತಿಂಗಳಲ್ಲಿ ಟೇಲರ್, ಕುಂಬಾರ, ಕಮ್ಮಾರ, ಹಮಾಲ ಮೊದಲಾದವರಿಗೆ 2,000 ರೂಪಾಯಿಯನ್ನೂ ಪ್ರಕಟಿಸಿತು. ಇವು ಹಕ್ಕುಗಳಲ್ಲ, ಆದೇಶದ ಮೂಲಕ ಬಂದ ಪರಿಹಾರಗಳು. ಆದರೆ ಕಸುಬಿನ ದಾಖಲೆಯಿಲ್ಲದವನಿಗೆ ಇಂಥ ಪರಿಹಾರವೂ ದೂರವೇ ಉಳಿಯುತ್ತದೆ. ಆದಕಾರಣ 16ರಿಂದ 59 ವರ್ಷದೊಳಗಿನವರು ಅಸಂಘಟಿತ ಕಾರ್ಮಿಕರ ನೋಂದಣಿ ತಾಣವಾದ ಇ–ಶ್ರಮ್‌ನಲ್ಲಿ, ಕೈಮಗ್ಗದವರು ಕೈಮಗ್ಗ ಮತ್ತು ಜವಳಿ ಇಲಾಖೆಯಲ್ಲಿ, ಬೀದಿ ವ್ಯಾಪಾರಿಗಳು ಸ್ಥಳೀಯ ಸಂಸ್ಥೆಯಲ್ಲಿ ಹೆಸರು ದಾಖಲಿಸಿಕೊಂಡಿರಬೇಕು. ಕೈಮಗ್ಗ ನೇಕಾರರಿಗಾಗಿ ರೂಪಿಸಿದ ನೇಕಾರ ಸಮ್ಮಾನ್ ಯೋಜನೆಯ ವಾರ್ಷಿಕ 5,000 ರೂಪಾಯಿಯೂ, 65 ವರ್ಷ ದಾಟಿದ ಅಸಂಘಟಿತರ ಸಂಧ್ಯಾ ಸುರಕ್ಷಾ ವೇತನವೂ ದಾಖಲೆಯನ್ನೇ ಅವಲಂಬಿಸಿವೆ.

ಗಳಿಕೆ ನಿಂತವನಿಗೆ ಭತ್ಯೆಗಿಂತ ಮೊದಲು ಸಾಲ ಕೊಟ್ಟವರೇ ಎದುರಾಗುತ್ತಾರೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಪ್ರಕರಣವು ಹಣದ ಡಿಕ್ರಿ ಜಾರಿಯಲ್ಲಿ ಕುಶಲಕರ್ಮಿಯ ಉಪಕರಣಗಳನ್ನು ಜಪ್ತಿ ಮಾಡದಂತೆ ರಕ್ಷಿಸುತ್ತದೆ. ಆ ಉಪಕರಣವನ್ನೇ ಸಾಲಕ್ಕೆ ಆಧಾರವಾಗಿ ಬರೆದುಕೊಟ್ಟಿದ್ದರೆ ಮಾತ್ರ ಈ ರಕ್ಷಣೆಯನ್ನು ನೆಚ್ಚಿಕೊಳ್ಳಲಾಗದು. ವಸೂಲಿಗಾಗಿ ಬೆದರಿಕೆ, ಹಿಂಬಾಲಿಸುವಿಕೆ, ಮನೆ ಮುಂದೆ ಅವಮಾನ ನಡೆದರೆ, 2025ರಲ್ಲಿ ಕರ್ನಾಟಕ ತಂದ ಕಿರುಸಾಲ ಮತ್ತು ಸಣ್ಣ ಸಾಲ ಬಲವಂತದ ಕ್ರಮಗಳ ತಡೆ ಕಾನೂನಿನಲ್ಲಿ 10 ವರ್ಷಗಳವರೆಗಿನ ಸೆರೆವಾಸ ಮತ್ತು 5 ಲಕ್ಷ ರೂಪಾಯಿವರೆಗಿನ ದಂಡಕ್ಕೆ ಅವಕಾಶವಿದೆ. ಇನ್ನು ಜಿಎಸ್‌ಟಿ ನೋಂದಣಿ ಇದ್ದವರು ವ್ಯವಹಾರ ನಿಂತ 30 ದಿನಗಳೊಳಗೆ ರದ್ದತಿಗೆ ಅರ್ಜಿ ಹಾಕದಿದ್ದರೆ, ಆದಾಯವಿಲ್ಲದ ತಿಂಗಳುಗಳಿಗೂ ವಿವರಪಟ್ಟಿ ಸಲ್ಲಿಸದ ವಿಳಂಬ ಶುಲ್ಕ ಬೆಳೆಯುತ್ತಲೇ ಹೋಗುತ್ತದೆ.

ಇಲ್ಲಿ ಹೇಳಿದ ಯಾವುದೇ ಅರ್ಜಿ, ದೂರು ಅಥವಾ ದಾವೆಗೆ ಗದಗದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಮತ್ತು ತಾಲ್ಲೂಕು ಕಾನೂನು ಸೇವೆಗಳ ಸಮಿತಿಗಳಲ್ಲಿ ಉಚಿತ ಸಲಹೆ ಮತ್ತು ವಕೀಲರ ನೆರವು ದೊರೆಯುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹಾಗೂ ಅಂಗವಿಕಲರು ಆದಾಯದ ಮಿತಿಯಿಲ್ಲದೆ ಇದಕ್ಕೆ ಅರ್ಹರು. ಉಚಿತ ಸಹಾಯವಾಣಿಯ ಸಂಖ್ಯೆ 15100.