ಕಠಿಣ ಮೇಲಾಳಿನ ಕೈಕೆಳಗೆ: ಸಹಿಸುವ ಬಗೆ, ಬಿಡುವ ಬಗೆ



ಹೊತ್ತು ಮೂಡುವ ಮುಂಚೆಯೇ ಬುತ್ತಿ ಕಟ್ಟಿಕೊಂಡು ಹಳ್ಳಿಯಿಂದ ಬಸ್ಸು ಹತ್ತಿ ಹೋಗುವ ಹೆಣ್ಣುಮಕ್ಕಳನ್ನು ನೀವು ಕಂಡಿದ್ದೀರಿ. ರಾಮನಗರ, ಮದ್ದೂರು, ಶ್ರೀರಂಗಪಟ್ಟಣ, ದೊಡ್ಡಬಳ್ಳಾಪುರ, ಬೆಂಗಳೂರು ಮುಂತಾದ ಕಡೆಗಳಲ್ಲಿ, ಜನರು ಗಾರ್ಮೆಂಟ್ಸ್ ಎಂದು ಕರೆಯುವ ಉಡುಪಿನ ಕಾರಖಾನೆಗಳೇ ಅವರ ದುಡಿಮೆಯ ಸ್ಥಳ. ಸಂಜೆ ಅವರು ತಿರಿಗಿ ಬಂದಾಗ ಮೈ ದಣಿದಿರುವದನ್ನು ಮನೆಯವರು ನೋಡುತ್ತಾರೆ. ಮನಸ್ಸು ಎಷ್ಟು ನೊಂದಿದೆ ಎಂಬದನ್ನು ನೋಡುವವರು ಕೆಲವರೇ. ದಿನವೆಲ್ಲಾ ಬೈಗುಳ ಕೇಳಿ ಬಂದವಳು, “ನಾಳೆಯಿಂದ ನಾನು ಹೋಗುವದಿಲ್ಲ” ಎಂದು ಅಳುತ್ತಾಳೆ. ಹಿರಿಯರು, “ತಾಳಿದವನು ಬಾಳಿಯಾನು” ಎಂದು ಹೇಳಿ ಮಾತು ಮುಗಿಸುತ್ತಾರೆ. ಈ ಎರಡು ಮಾತುಗಳಲ್ಲಿ ಯಾವದು ಸರಿ? ಎರಡರಲ್ಲಿಯೂ ಸ್ವಲ್ಪ ಸತ್ಯವಿದೆ. ಆದರೆ ಎರಡೂ ಅರ್ಧ ಮಾತುಗಳೇ. ಮಿಕ್ಕ ಅರ್ಧವನ್ನು ಈ ಪಾಠದಲ್ಲಿ ವಿಚಾರಿಸೋಣ.

1. ಬೈಗುಳವು ಎಲ್ಲಿಂದ ಹುಟ್ಟುತ್ತದೆ?

ಕಾರಖಾನೆಯಲ್ಲಿ ಯಂತ್ರಗಳು ಸಾಲಾಗಿರುತ್ತವೆ. ಒಬ್ಬಳು ಕಾಲರು, ಒಬ್ಬಳು ತೋಳು, ಒಬ್ಬಳು ಜೇಬು ಹೊಲಿಯುತ್ತಾಳೆ. ತಾಸಿಗೆ ಇಷ್ಟು ಪೀಸು ಆಗಬೇಕೆಂದು ಲೆಕ್ಕ ಕಟ್ಟಿರುತ್ತಾರೆ. ಇದಕ್ಕೆ ಟಾರ್ಗೆಟ್ಟು ಎಂದು ಹೆಸರು. ಸಾಲಿನಲ್ಲಿ ಒಬ್ಬಳ ಕೈ ತಡವಾದರೆ ಅವಳ ಯಂತ್ರದ ಮುಂದೆ ಬಟ್ಟೆಯು ರಾಶಿಯಾಗುವದು, ಮುಂದಿನವಳು ಬರಿಗೈಯಲ್ಲಿ ಕೂರುವಳು. ಉಡುಪನ್ನು ಕೊಳ್ಳುವ ಪರದೇಶದ ವರ್ತಕನು ಬೆಲೆಯನ್ನೂ ಹಡಗು ಹತ್ತಿಸುವ ದಿನವನ್ನೂ ಮೊದಲೇ ಗೊತ್ತುಮಾಡಿರುತ್ತಾನೆ. ಆ ಒತ್ತಡವು ಮಾಲೀಕನಿಂದ ಮೇನೇಜರನಿಗೆ, ಅವನಿಂದ ಸೂಪರವೈಸರನಿಗೆ, ಅವನಿಂದ ಯಂತ್ರದ ಮುಂದೆ ಕೂತಿರುವವಳಿಗೆ ಇಳಿಯುತ್ತದೆ. ಅವಳ ಕೆಳಗೆ ಇನ್ನು ಯಾರೂ ಇಲ್ಲವಾದಕಾರಣ ಭಾರವೆಲ್ಲವೂ ಅಲ್ಲಿ ನಿಲ್ಲುತ್ತದೆ.

ಇದನ್ನು ತಿಳಿಯುವದರಿಂದ ಲಾಭವೇನು? ಸೂಪರವೈಸರನು ನಿರ್ದೋಷಿಯೆಂದು ಹೇಳುವದಕ್ಕಲ್ಲ. ಅದೇ ಒತ್ತಡದ ಕೆಳಗಿದ್ದೂ ಒಂದು ಕೆಟ್ಟ ಮಾತನ್ನಾಡದೆ ಕೆಲಸ ಮಾಡಿಸುವವರು ಇದ್ದಾರಷ್ಟೆ. ಲಾಭವು ಬೇರೊಂದು: “ನೀನು ದಂಡಕ್ಕೆ ಬಂದವಳು” ಎಂಬ ಮಾತು ಸಾಯಂಕಾಲದ ಲೆಕ್ಕಕ್ಕೆ ಹೆದರಿದವನ ಬಾಯಿಂದ ಬಂದದ್ದು, ಅದು ಕೇಳಿದವಳ ಯೋಗ್ಯತೆಯ ಅಳತೆಯಲ್ಲ. ದಿನವೂ ಕೇಳಿದ ಸುಳ್ಳು ಕಾಲಕ್ರಮದಲ್ಲಿ ಸತ್ಯದಂತೆ ತೋರುತ್ತದೆ. ಅದನ್ನು ಮನೆಗೆ ಹೊತ್ತು ತರಬಾರದು.

2. ಸಹನೆ ಎಂದರೇನು?

ಸಹನೆ ಎಂದರೆ ಕಣ್ಣು ಮುಚ್ಚಿಕೊಂಡು ಬಿದ್ದಿರುವದಲ್ಲ. ಹೊಲವನ್ನು ಉತ್ತು ಮಳೆಗಾಗಿ ಕಾಯುವವನು ತಾಳ್ಮೆಯುಳ್ಳವನು. ಉಳದೆ ಕಾಯುವವನು ಸೋಮಾರಿ. ಹಾಗೆಯೇ, ಬಿಟ್ಟುಹೋಗುವ ದಿನವನ್ನು ಮನಸ್ಸಿನಲ್ಲಿ ಗೊತ್ತುಮಾಡಿ, ಅದಕ್ಕೆ ಬೇಕಾದದ್ದನ್ನು ದಿನದಿನವೂ ಸಿದ್ಧಮಾಡುತ್ತಾ ಸಹಿಸುವವಳದು ನಿಜವಾದ ಸಹನೆ. ಇಂಥವಳಿಗೆ ಬೈಗುಳದ ಭಾರವೂ ಹಗುರವಾಗುತ್ತದೆ, ಯಾಕಂದರೆ ಅದಕ್ಕೆ ಕೊನೆಯುಂಟೆಂದು ಅವಳು ಬಲ್ಲಳು.

ಸಿದ್ಧತೆ ಯಾವದು? ಮೊದಲನೆಯದು, ಎರಡು ತಿಂಗಳ ಮನೆಖರ್ಚಿನಷ್ಟು ಹಣವನ್ನು ಸ್ವಲ್ಪ ಸ್ವಲ್ಪವಾಗಿ ಬೇರೆ ಇಡುವದು. ಎರಡನೆಯದು, ಆ ತಿಂಗಳುಗಳಲ್ಲಿ ಸಂಘದಿಂದಾಗಲಿ ಫೈನಾನ್ಸಿನವರಿಂದಾಗಲಿ ಹೊಸ ಸಾಲ ಎತ್ತದಿರುವದು. ವಾರದ ಕಂತು ಕಟ್ಟಬೇಕಾದವಳು ಎಂಥ ಮೇಲಾಳನ್ನಾದರೂ ಸಹಿಸಲೇಬೇಕಾಗುತ್ತದೆ. ಮೂರನೆಯದು, ಒಂದೇ ಕೆಲಸ ಬಲ್ಲವಳು ಇನ್ನೊಂದನ್ನು ಕಲಿಯುವದು. ಜೇಬು ಹೊಲಿಯುವವಳು ಕಾಲರು ಕೂಡಿಸುವದನ್ನೋ ಓವರ್ಲಾಕ್ ಯಂತ್ರವನ್ನೋ ಕಲಿತರೆ ಬೇರೆ ಕಡೆ ಬೇಗನೆ ಕೆಲಸ ಸಿಕ್ಕುವದು. ಹೊಸ ಕೆಲಸ ಗೊತ್ತಾಗುವ ತನಕ ಬಿಡುವ ಸುದ್ದಿಯನ್ನು ಸಾಲಿನಲ್ಲಿ ಎಲ್ಲರಿಗೂ ಹೇಳದಿರುವದು ಒಳ್ಳೇದು.

3. ಸಿಟ್ಟಿನಲ್ಲಿ ಬಿಟ್ಟವಳು ಏನನ್ನು ಕಳಕೊಳ್ಳುತ್ತಾಳೆ?

2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನಲ್ಲಿ ಸಾವಿರಾರು ಗಾರ್ಮೆಂಟ್ಸ್ ಕೆಲಸಗಾರರು, ಅವರಲ್ಲಿ ಬಹುಮಂದಿ ಹೆಂಗಸರು, ಯಂತ್ರಗಳನ್ನು ಬಿಟ್ಟು ರಸ್ತೆಗೆ ಬಂದರು. ಹೊಸೂರು ರಸ್ತೆಯಲ್ಲಿಯೂ ತುಮಕೂರು ರಸ್ತೆಯಲ್ಲಿಯೂ ವಾಹನಗಳು ನಿಂತುಹೋದವು. ಕಲ್ಲು ತೂರಾಟವೂ ಲಾಠಿಯ ಪೆಟ್ಟೂ ನಡೆದವು. ಕಾರಣವೇನಂದರೆ, ಕೆಲಸ ಬಿಟ್ಟವರು ಭವಿಷ್ಯನಿಧಿಯಲ್ಲಿರುವ ಮಾಲೀಕನ ಪಾಲನ್ನು 58 ವರುಷ ತುಂಬುವ ತನಕ ತೆಗೆಯಕೂಡದೆಂದು ಕೇಂದ್ರ ಸರಕಾರವು ಅದೇ ವರುಷದ ಫೆಬ್ರವರಿಯಲ್ಲಿ ನಿಯಮ ಮಾಡಿತ್ತು. ಏಪ್ರಿಲ್ 19ರಂದೇ ಸರಕಾರವು ಆ ನಿಯಮವನ್ನು ಹಿಂದೆಗೆಯಿತು. ದಿನವೂ ಬೈಗುಳ ಕೇಳಿಯೂ ಮೌನವಾಗಿದ್ದ ಹೆಂಗಸರು ಈ ಒಂದು ಸಂಗತಿಗಾಗಿ ಎದ್ದುನಿಂತದ್ದು ಆಶ್ಚರ್ಯವಲ್ಲ. ಬೇಸತ್ತು ಹೊರಡಬೇಕಾದರೆ ಅವರಿಗಿದ್ದ ಬಾಗಿಲು ಆ ಹಣವೇ. ಬಾಗಿಲನ್ನೇ ಮುಚ್ಚಿದರೆಂದು ಅವರು ಕಂಡುಕೊಂಡರು.

ಆದಕಾರಣ ಈ ಬಾಗಿಲು ಹೇಗಿದೆ ಎಂಬದನ್ನು ಪ್ರತಿಯೊಬ್ಬಳೂ ತಿಳಿಯಬೇಕು. ಸಂಬಳದಲ್ಲಿ ನೂರಕ್ಕೆ 12ರಂತೆ ಪಿ.ಎಫ್. ಎಂದು ಹಿಡಿಯುತ್ತಾರೆ, ಮಾಲೀಕನೂ ಅಷ್ಟೇ ಕೊಡತಕ್ಕದ್ದು, ಅದರಲ್ಲಿ ಒಂದು ಭಾಗವು ಪಿಂಚಣಿಗೆ ಹೋಗುತ್ತದೆ. ಯು.ಎ.ಎನ್. ಎಂಬ ಸಂಖ್ಯೆಯು ಕೆಲಸ ಬದಲಾದರೂ ಬದಲಾಗುವದಿಲ್ಲ. ಅದನ್ನು ಬಾಯಿಪಾಠವಾಗಿ ಬಲ್ಲವಳನ್ನು ಮೋಸಗೊಳಿಸುವದು ಕಷ್ಟ. ಹೊಸ ಕೆಲಸ ಸಿಕ್ಕಿದರೆ ಹಣವನ್ನು ತೆಗೆಯದೆ ಅಲ್ಲಿಗೆ ವರ್ಗಮಾಡಿಸುವದು ಉತ್ತಮ. ಯಾಕಂದರೆ ಸೇವೆಯು 10 ವರುಷವಾದರೆ ಪಿಂಚಣಿಗೆ ಹಕ್ಕು ಬರುತ್ತದೆ, ನಡುವೆ ಪಿಂಚಣಿಯ ಹಣವನ್ನು ತೆಗೆದರೆ ಹಿಂದಿನ ವರುಷಗಳು ಲೆಕ್ಕದಿಂದ ಬಿಟ್ಟುಹೋಗುತ್ತವೆ.

ಇನ್ನೊಂದು ಗ್ರಾಚ್ಯುಯಿಟಿ, ಅಂದರೆ ಉಪದಾನ. ಒಂದೇ ಕಡೆ 5 ವರುಷ ಎಡೆಬಿಡದೆ ದುಡಿದವರಿಗೆ ವರುಷಕ್ಕೆ 15 ದಿನಗಳ ಸಂಬಳದಂತೆ ಇದು ಸಿಕ್ಕತಕ್ಕದ್ದು. ತಿಂಗಳಿಗೆ 26 ದಿನವೆಂದು ಎಣಿಸುತ್ತಾರೆ. ಗೊತ್ತಾದ ಅವಧಿಗೆ ಮಾತ್ರ ನೇಮಕವಾದವರಿಗೆ, 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯ ಪ್ರಕಾರ, 1 ವರುಷವೇ ಸಾಕು. ಒಬ್ಬಳ ಲೆಕ್ಕಕ್ಕೆ ಬರುವ ಸಂಬಳವು ತಿಂಗಳಿಗೆ 13,000 ರೂಪಾಯಿ ಎಂದು ಎಣಿಸಿರಿ. ದಿನಕ್ಕೆ 500, ಹದಿನೈದು ದಿನಕ್ಕೆ 7,500, ಐದು ವರುಷಕ್ಕೆ 37,500 ರೂಪಾಯಿ. ಅವಳು ನಾಲ್ಕು ವರುಷ ನಾಲ್ಕು ತಿಂಗಳಾದಾಗ ಒಂದು ದಿನದ ಸಿಟ್ಟಿನಲ್ಲಿ ಬಿಟ್ಟುಬಂದರೆ ಇಷ್ಟು ಹಣವನ್ನು ತನ್ನನ್ನು ಅಳಿಸಿದವರ ಬಳಿಯಲ್ಲಿಯೇ ಉಡುಗೊರೆಯಾಗಿ ಬಿಟ್ಟುಬಂದ ಹಾಗಾಯಿತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವದೇ?

4. ಬರೆದಿಡುವದೂ ದೂರು ಕೊಡುವದೂ

ಒಂದು ಚಿಕ್ಕ ಪುಸ್ತಕವಿರಲಿ, ಅದು ಮನೆಯಲ್ಲಿರಲಿ. ಯಾವ ದಿನ, ಎಷ್ಟು ಹೊತ್ತಿಗೆ, ಯಾರು, ಯಾವ ಮಾತನ್ನಾಡಿದರು, ಪಕ್ಕದಲ್ಲಿ ಯಾರಿದ್ದರು ಎಂಬದನ್ನು ಅದೇ ಸಂಜೆ ಬರೆಯಬೇಕು. ಟಾರ್ಗೆಟ್ಟು ಮುಗಿಯಲಿಲ್ಲವೆಂದು ಹೊತ್ತು ಮೀರಿ ಕೂರಿಸಿದರೆ ಅದನ್ನೂ ಬರೆಯಬೇಕು. ಹೆಚ್ಚಿನ ಹೊತ್ತಿನ ಕೆಲಸಕ್ಕೆ ಇಮ್ಮಡಿ ಕೂಲಿ ಕೊಡಬೇಕೆಂದು ಕಾನೂನು ಹೇಳುತ್ತದೆ. ನೇಮಕದ ಪತ್ರ, ಸಂಬಳದ ಚೀಟಿ, ಹಾಜರಿ ಇವುಗಳ ಚಿತ್ರವನ್ನು ಫೋನಿನಲ್ಲಿ ತೆಗೆದಿಡಬೇಕು. ಬರೆದಿಡುವವಳ ಮನಸ್ಸಿಗೆ ಒಂದು ಬಲವೂ ಬರುತ್ತದೆ: ತಾನು ಕೇವಲ ಪೆಟ್ಟು ತಿನ್ನುವವಳಲ್ಲ, ಸಾಕ್ಷಿಯೂ ಆಗಿದ್ದಾಳೆಂದು ಅವಳು ತಿಳಿಯುತ್ತಾಳೆ.

ದೂರನ್ನು ಯಾರಿಗೆ ಕೊಡುವದು? 20 ಅಥವಾ ಹೆಚ್ಚು ಕೆಲಸಗಾರರಿರುವ ಕಾರಖಾನೆಯಲ್ಲಿ ಕುಂದುಕೊರತೆ ನಿವಾರಣಾ ಸಮಿತಿ ಇರತಕ್ಕದ್ದು. ಅದರಲ್ಲಿ ಕೆಲಸಗಾರರ ಕಡೆಯವರೂ ಮಾಲೀಕನ ಕಡೆಯವರೂ ಸರಿಸಮವಾಗಿರಬೇಕು. ಕೆಲವು ಕಡೆ ಇಂಥ ಸಮಿತಿಯು ಕಾಗದದ ಮೇಲೆ ಮಾತ್ರ ಇರುತ್ತದೆ. ಒಬ್ಬಳೇ ಹೋಗುವದಕ್ಕಿಂತ ಸಾಲಿನ ನಾಲ್ಕೈದು ಮಂದಿ ಕೂಡಿ ಬರಹದಲ್ಲಿ ಕೊಟ್ಟರೆ, ತಳ್ಳಿಬಿಡುವದು ಅವರಿಗೆ ಕಷ್ಟವಾಗುವದು. ಬಾಯಿಮಾತಿನ ದೂರು ಗಾಳಿಗೆ ಹೋಗುತ್ತದೆ. ಬರೆದ ದೂರಿನ ನಕಲು ಕೈಯಲ್ಲಿ ಉಳಿಯುತ್ತದೆ.

5. ಕಾಯಬಾರದ ಸಮಯ

ಇಷ್ಟು ಹೊತ್ತು ಕಾಯುವ ಬುದ್ಧಿಯನ್ನು ಹೇಳಿದೆವು. ಆದರೆ ಕಾಯಬಾರದ ಸಮಯವೂ ಉಂಟು. ಮೇಲಾಳು ಕೈಯೆತ್ತಿದರೆ, ಅಸಭ್ಯವಾಗಿ ಮುಟ್ಟಿದರೆ, ರಜೆಗಾಗಿಯೋ ಬಡ್ತಿಗಾಗಿಯೋ ನಾಚಿಕೆಗೇಡಿನ ಮಾತನ್ನು ಕೇಳಿದರೆ, 37,500 ರೂಪಾಯಿಯನ್ನು ನೋಡಿ ಎಂಟು ತಿಂಗಳು ಸಹಿಸು ಎಂದು ಯಾರೂ ಹೇಳಕೂಡದು. ಅಂದೇ ಮನೆಗೆ ಬಂದು, ಹಕ್ಕುಗಳನ್ನು ಆ ಮೇಲೆ ಕೇಳಬಹುದು. 2013ರ ಕಾನೂನಿನ ಪ್ರಕಾರ 10 ಅಥವಾ ಹೆಚ್ಚು ಮಂದಿ ದುಡಿಯುವ ಸ್ಥಳದಲ್ಲಿ ಹೆಂಗಸೊಬ್ಬಳು ಮುಖ್ಯಸ್ಥೆಯಾಗಿರುವ ಆಂತರಿಕ ಸಮಿತಿ ಇರಬೇಕು. ಅದಕ್ಕಿಂತ ಚಿಕ್ಕ ಸ್ಥಳವಾದರೆ, ಅಥವಾ ದೂರು ಮಾಲೀಕನ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ದೂರನ್ನು 3 ತಿಂಗಳೊಳಗೆ ಬರಹದಲ್ಲಿ ಕೊಡತಕ್ಕದ್ದು. ತಕ್ಕ ಕಾರಣವಿದ್ದರೆ ಇನ್ನೂ 3 ತಿಂಗಳು ಅವಕಾಶ ಕೊಡುತ್ತಾರೆ. ಬರೆಯಲಾರದವಳಿಗೆ ಬರೆಯುವದಕ್ಕೆ ಸಮಿತಿಯೇ ಸಹಾಯ ಮಾಡಬೇಕು.

ಮನಸ್ಸಿನ ಗುರುತುಗಳನ್ನೂ ಅಲಕ್ಷ್ಯ ಮಾಡಬಾರದು. ವಾರಗಟ್ಟಳೆ ನಿದ್ರೆ ಬಾರದಿದ್ದರೆ, ಬಸ್ಸು ಕಂಡರೇ ಎದೆ ಹೊಡಕೊಂಡರೆ, ಬದುಕೇ ಬೇಡವೆಂಬ ಮಾತು ಬಾಯಿಗೆ ಬಂದರೆ, ಅದು ಸೋಮಾರಿತನವಲ್ಲ, ನೆಪವೂ ಅಲ್ಲ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರದ ಸೇವೆಯ 14416 ಎಂಬ ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲಿಯೇ ಮಾತಾಡುವರು.

6. ಹೊರಡುವ ದಿನ

ರಾಜೀನಾಮೆಯು ಚಿಕ್ಕದಾಗಿರಲಿ, ಬಿಡುವ ದಿನವನ್ನು ಬರೆದರೆ ಸಾಕು. ನೇಮಕದ ಪತ್ರದಲ್ಲಿ ಎಷ್ಟು ದಿನ ಮುಂಚೆ ತಿಳಿಸಬೇಕೆಂದಿದೆಯೋ ಅಷ್ಟು ದಿನ ಮುಂಚೆ ಕೊಟ್ಟು, ನಕಲಿನ ಮೇಲೆ ತಲಪಿದ ಗುರುತು ಹಾಕಿಸಿಕೊಳ್ಳಬೇಕು. ಬರಿಯ ಕಾಗದದ ಮೇಲಾಗಲಿ, ಓದದೆ ಇರುವ ಪತ್ರದ ಮೇಲಾಗಲಿ ರುಜು ಹಾಕಬಾರದು. ಹೆದರಿಸಿ ರಾಜೀನಾಮೆ ಬರೆಸುವವರೂ ಉಂಟು. ಗರ್ಭಿಣಿಯಾದವಳು ಇ.ಎಸ್.ಐ. ಕಚೇರಿಯಲ್ಲಿ ವಿಚಾರಿಸದೆ ಬಿಡಬಾರದು. ಮೊದಲಿನ ಎರಡು ಹೆರಿಗೆಗಳಿಗೆ 26 ವಾರಗಳ ಸಂಬಳದ ರಜೆಯನ್ನು ಕಾನೂನು ಕೊಟ್ಟಿದೆ.

2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯ ಪ್ರಕಾರ, ತಾನಾಗಿ ಬಿಟ್ಟವರಿಗೂ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡತಕ್ಕದ್ದು. ಉಪದಾನವನ್ನು 30 ದಿನಗಳೊಳಗೆ. ಕೊಡದಿದ್ದರೆ ಕಾರ್ಮಿಕ ಇಲಾಖೆಯ ಕಚೇರಿ ಇದೆ. ಸಂಬಳದ ಬಾಕಿಯನ್ನು 3 ವರುಷಗಳ ತನಕ ಕೇಳಬಹುದು. ವಕೀಲನಿಗೆ ಹಣವಿಲ್ಲವೆಂದು ಸುಮ್ಮನಿರುವದು ಬೇಡ. 1987ರ ಕಾನೂನಿನ ಪ್ರಕಾರ ಎಲ್ಲಾ ಹೆಂಗಸರಿಗೂ, ಅವರ ವರಮಾನವನ್ನು ನೋಡದೆ, ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ಸಹಾಯ ಸಿಕ್ಕುತ್ತದೆ.

ಹೊರಡುವಾಗ ಜಗಳ ಬೇಡ. ಜಗಳವಾಡಿದರೆ ಆ ಒಂದು ಗಳಿಗೆ ಸುಖವೆನಿಸೀತು. ಆದರೆ ಪಕ್ಕದ ಯಂತ್ರದಲ್ಲಿ ಉಳಿಯುವ ಗೆಳತಿಯು ಅದರ ಫಲವನ್ನು ಉಣ್ಣುವಳು. ಅವಳಿಗೆ ಮಾಡಬಹುದಾದ ಉಪಕಾರ ಬೇರೆಯಿದೆ: ನೀನು ಕಲಿತ ಲೆಕ್ಕವನ್ನು ಅವಳಿಗೂ ಕಲಿಸಿ ಹೋಗು.

7. ಮನೆಯವರಿಗೆ ಒಂದು ಮಾತು

ತಂದೆತಾಯಿಗಳೇ, ಗಂಡಂದಿರೇ, ದುಡಿದು ಬಂದವಳು ತನ್ನ ಸಂಕಟವನ್ನು ಹೇಳುವಾಗ, “ಎಲ್ಲಾ ಕಡೆಯೂ ಹಾಗೆಯೇ” ಎಂದು ಬಾಯಿ ಮುಚ್ಚಿಸಬೇಡಿರಿ. ಅವಳ ಸಂಬಳವನ್ನು ಎಣಿಸುವ ಕೈಗಳು ಅವಳ ಪುಸ್ತಕವನ್ನೂ ಒಂದು ಸಾರಿ ತೆರೆದು ನೋಡಲಿ. ಉಪದಾನಕ್ಕೆ ಎಷ್ಟು ತಿಂಗಳು ಉಳಿದಿವೆ, ಸಾಲದ ಕಂತು ಎಂದಿಗೆ ತೀರುವದು, ಅಲ್ಲಿಯ ವರೆಗೆ ತಾಳುವ ಬಲ ಅವಳಿಗಿದೆಯೋ ಎಂಬದನ್ನು ಅವಳ ಸಂಗಡ ಕೂತು ಲೆಕ್ಕ ಮಾಡಿರಿ. ಆ ಲೆಕ್ಕದ ಕೊನೆಯ ಪ್ರಶ್ನೆಗೆ ಉತ್ತರ ಹೇಳತಕ್ಕವಳು ಅವಳೇ; ನೀವಲ್ಲ.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ಉತ್ತು ಕಾಯುವದಕ್ಕೂ ಸುಮ್ಮನೆ ಕಾಯುವದಕ್ಕೂ ಕಾರಖಾನೆಯ ಕೆಲಸದಲ್ಲಿ ಏನು ವ್ಯತ್ಯಾಸ?
2. ನಮ್ಮ ಊರಿನಿಂದ ದುಡಿಯಹೋಗುವವರಲ್ಲಿ ಎಷ್ಟು ಮಂದಿಗೆ ತಮ್ಮ ಯು.ಎ.ಎನ್. ಸಂಖ್ಯೆಯೂ ಕೆಲಸಕ್ಕೆ ಸೇರಿದ ದಿನವೂ ಗೊತ್ತು?
3. ಎಂಥ ಸಂಗತಿಯಲ್ಲಿ ಒಂದು ದಿನವೂ ಕಾಯಬಾರದು? ಆಗ ಊರವರು ಅವಳಿಗೆ ಯಾವ ರೀತಿಯಲ್ಲಿ ಆಸರೆಯಾಗಬಹುದು?
4. ನಾವೇ ಬೇರೆಯವರಿಂದ ಕೆಲಸ ಮಾಡಿಸುವಾಗ, ಹೊಲದಲ್ಲಾಗಲಿ ಮನೆಯಲ್ಲಾಗಲಿ, ನಮ್ಮ ನಾಲಿಗೆ ಹೇಗಿದೆ?