ನಾಯಿಯೊಡನೆ ಮತ್ತೆ ಓಟ

ಪ್ರೌಢಶಾಲೆಯಲ್ಲಿದ್ದಾಗ ಓಟದ ಪಂದ್ಯಗಳಲ್ಲಿ ಬಹುಮಾನ ಪಡೆದು, ಕಾಲೇಜಿಗೆ ಬಂದ ಮೇಲೆ ಬಸ್ಸು ಹಿಡಿಯುವುದಕ್ಕಲ್ಲದೆ ಬೇರಾವುದಕ್ಕೂ ಓಡದವರು ನಮ್ಮಲ್ಲಿ ಅನೇಕರಿದ್ದಾರೆ. ಹೂಗ್ಯಂ ಮುಂತಾದ ಕಾಡಂಚಿನ ಊರುಗಳ ನಮ್ಮಂಥವರ ಮನೆಗಳಲ್ಲಿ ನಾಯಿಗಳಿಗೂ ಕೊರತೆಯಿಲ್ಲ. ರಜೆಯಲ್ಲಿ ಊರಿಗೆ ಹೋದಾಗ ಅಂಗಳದಲ್ಲಿ ಕುಣಿಯುವ ಆ ಪ್ರಾಣಿಯನ್ನು ಕಂಡು, ಇದರೊಡನೆ ಮತ್ತೆ ಓಟವನ್ನು ಆರಂಭಿಸಬಾರದೇಕೆ ಎಂಬ ಯೋಚನೆ ಸಹಜವಾಗಿ ಹುಟ್ಟುತ್ತದೆ. ಯೋಚನೆ ಒಳ್ಳೆಯದೇ. ಇಂದು ಬೇಡ, ನಾಳೆ ನೋಡೋಣ ಎಂಬ ನಮ್ಮ ನೆವ ನಾಯಿಗೆ ಅರ್ಥವಾಗುವುದಿಲ್ಲವಾದ್ದರಿಂದ ಅಭ್ಯಾಸ ತಪ್ಪುವುದಿಲ್ಲ. ಆದರೆ ಓಟದ ವೇಗವನ್ನೂ ದೂರವನ್ನೂ ಗೊತ್ತುಮಾಡುವ ಕೆಲಸವನ್ನು ಅದರ ಉತ್ಸಾಹಕ್ಕೆ ಒಪ್ಪಿಸಿದರೆ ಇಬ್ಬರಿಗೂ ಕೇಡು. ಅದು ಹೇಗೆಂಬುದನ್ನು ಸ್ವಲ್ಪ ವಿಚಾರಿಸೋಣ.

ಮೊದಲು ಮನುಷ್ಯನ ದೇಹ. ಓಟವನ್ನು ನಿಲ್ಲಿಸಿದ ಕೆಲವೇ ವಾರಗಳಲ್ಲಿ ರಕ್ತದ ದ್ರವಾಂಶ ತಗ್ಗಿ, ಹೃದಯವು ಒಂದೊಂದು ಬಡಿತಕ್ಕೆ ತಳ್ಳುವ ರಕ್ತ ಕಡಮೆಯಾಗುತ್ತದೆ. ಏದುಸಿರಿಗೆ ಇದೊಂದು ಮುಖ್ಯ ಕಾರಣ. ಮರಳಿ ಓಡತೊಡಗಿದರೆ ಈ ನಷ್ಟ ಬೇಗನೆ ತುಂಬಿಬರುತ್ತದೆ. ಕೆಲವು ವಾರಗಳಲ್ಲೇ ಉಸಿರು ಹಗುರಾಗಿ, ಹಿಂದಿನ ಕಸುವು ಬಂದೇಬಿಟ್ಟಿತೆಂಬ ಭ್ರಮೆಯುಂಟಾಗುತ್ತದೆ. ಮೂಳೆಗಳೂ, ಮೀನಖಂಡವನ್ನು ಹಿಮ್ಮಡಿಗೆ ಬಿಗಿದಿರುವ ಸ್ನಾಯುರಜ್ಜುವೂ ಇಷ್ಟು ಬೇಗ ಗಟ್ಟಿಯಾಗವು. ಸ್ನಾಯುರಜ್ಜುವಿಗೆ ರಕ್ತದ ಸರಬರಾಜು ಕಡಮೆ, ಎರಡಕ್ಕೂ ಬೇಕಾಗುವ ಕಾಲ ತಿಂಗಳುಗಟ್ಟಲೆ. ಹಳೆಯ ಅಚ್ಚಿನ ಗಾಡಿಗೆ ಹೊಸ ಎತ್ತು ಹೂಡಿದಂತೆ ಇದು. ಉಸಿರು ಸಲೀಸಾದ ಆ ವಾರಗಳೇ ಕಾಲಿಗೆ ಅಪಾಯದ ವಾರಗಳು. ಅದೇ ಹೊತ್ತಿಗೆ ನಾಯಿ ಮುಂದಿನಿಂದ ಹಗ್ಗ ಜಗ್ಗಿದರೆ ಹೆಜ್ಜೆ ತನ್ನ ಅಳತೆ ಮೀರಿ ಉದ್ದವಾಗುತ್ತದೆ, ಪಾದ ನೆಲಕ್ಕೆ ಅಪ್ಪಳಿಸುತ್ತದೆ.

ಆದ್ದರಿಂದ ಮೊದಲು ಹತ್ತು ನಿಮಿಷ ನಡಿಗೆ. ಅನಂತರ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಎಲ್ಲ ಸೇರಿ ಅರ್ಧ ಗಂಟೆ, ದಿನ ಬಿಟ್ಟು ದಿನ. ಜೊತೆಯವರೊಡನೆ ಮಾತಾಡಲು ಆಗುವಷ್ಟೇ ವೇಗ. ಓಟದ ನಿಮಿಷಗಳನ್ನು ವಾರಕ್ಕಿಷ್ಟು ಎಂದು ಏರಿಸಿಕೊಳ್ಳಬಹುದು. ನಾಯಿಗೆ ಇದು ಸಪ್ಪೆಯೆನಿಸಿದರೆ ಎನಿಸಲಿ. ಹಗ್ಗ ಬಿಗಿಯಾದಾಗಲೆಲ್ಲ ನಿಂತುಬಿಟ್ಟರೆ ಕ್ರಮೇಣ ಅದೂ ಪಕ್ಕದಲ್ಲಿ ಓಡುವುದನ್ನು ಕಲಿಯುತ್ತದೆ.

ಇನ್ನು ನಾಯಿಯ ದೇಹ. ನಮ್ಮ ಚರ್ಮದಲ್ಲಿ ಇಪ್ಪತ್ತು ಲಕ್ಷಕ್ಕೂ ಮಿಕ್ಕು ಬೆವರಿನ ಗ್ರಂಥಿಗಳಿವೆ. ನಾಯಿಗೆ ಬಿಸಿ ಇಳಿಸಿಕೊಳ್ಳಲು ಒದಗುವ ಬೆವರು ಅಂಗಾಲಿನಲ್ಲಿ ಮಾತ್ರ, ಅದೂ ಅತ್ಯಲ್ಪ. ನಾಲಗೆ ಚಾಚಿ ತೇಕುವುದೇ ಅದಕ್ಕಿರುವ ಮುಖ್ಯ ದಾರಿ. ಅದರ ಮೈಯ ಸಹಜ ಉಷ್ಣವೇ ಸುಮಾರು ೧೦೧ರಿಂದ ೧೦೨.೫ ಡಿಗ್ರಿ ಫ್ಯಾರನ್‌ಹೀಟ್. ೧೦೬ ಮುಟ್ಟಿದರೆ ಪ್ರಾಣಕ್ಕೇ ಸಂಚಕಾರ. ನೂರು ಗಜದ ಓಟದಲ್ಲಿ ನಾವು ನಾಯಿಯ ಹತ್ತಿರ ಸುಳಿಯಲಾರೆವು. ಬಿಸಿಲಿನಲ್ಲಿ ಹತ್ತು ಮೈಲಿಯಾದರೆ ಪಳಗಿದ ಮನುಷ್ಯನೇ ಮೇಲು. ಬಾಗಲಕೋಟೆ ಜಿಲ್ಲೆಯ ಪ್ರಸಿದ್ಧವಾದ ಮುಧೋಳ ನಾಯಿ, ೨೦೦೫ರಲ್ಲಿ ಭಾರತದ ಅಂಚೆಚೀಟಿಯ ಮೇಲೆ ಬಂದದ್ದು, ಕೂಡ ಬೇಟೆಯನ್ನು ಅಟ್ಟುವ ಬಿರುಸಿನ ಓಟಕ್ಕೆ ಹೆಸರಾದುದೇ ಹೊರತು ಮಧ್ಯಾಹ್ನದ ಡಾಂಬರು ರಸ್ತೆಗಲ್ಲ.

ತೊಂದರೆಯೆಂದರೆ, ನಾಯಿ ತನ್ನ ಶಕ್ತಿಗೆ ತಾನೇ ಎಲ್ಲೆ ಹಾಕಿಕೊಳ್ಳದು. ಇದಕ್ಕೆ ಕನ್ನಡದ ಶಾಸನವೊಂದು ಸಾಕ್ಷಿ. ಗಂಗರ ಬೂತುಗನ ಕಡೆಯ ವೀರನಾದ ಮಣಲೇರನು ತಕ್ಕೋಲದ ಯುದ್ಧದಲ್ಲಿ ಮೆರೆದು, ಮೆಚ್ಚುಗೆಯಾಗಿ ಬೇರೇನನ್ನೂ ಕೇಳದೆ ಕಾಳಿಯೆಂಬ ನಾಯಿಯನ್ನು ಬೇಡಿ ಪಡೆದನು. ಆ ಕಾಳಿ ದೊಡ್ಡದೊಂದು ಹಂದಿಯ ಮೇಲೆ ಬಿದ್ದು, ಅದನ್ನು ಕೊಂದು, ತಾನೂ ಸತ್ತಿತು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸುಮಾರು ೯೫೦ರಲ್ಲಿ ನಿಲ್ಲಿಸಿದ ಅದರ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಚರಿತ್ರೆಯ ವಿದ್ಯಾರ್ಥಿಗಳು ಈ ಶಾಸನವನ್ನು ತಕ್ಕೋಲ ಯುದ್ಧದ ಸಲುವಾಗಿ ಓದುತ್ತಾರೆ. ನಾಯಿ ಸಾಕಿದವರು ಕಾಳಿಯ ಸಲುವಾಗಿಯೂ ಓದಬೇಕು. ಒಡೆಯನು ಮುಂದೆ ನಡೆದಿರುವ ತನಕ ನಾಯಿ ನಿಲ್ಲುವುದಿಲ್ಲ. ಆದ್ದರಿಂದ ನಿಲ್ಲಿಸತಕ್ಕವರು ನಾವು. ನಾಲಗೆ ಅಗಲವಾಗಿ ಜೋತುಬಿದ್ದು, ಒಸಡು ಕಡುಗೆಂಪಾಗಿ, ಮುಂದೆ ಓಡುತ್ತಿದ್ದ ನಾಯಿ ಹಿಂದೆ ಬಿದ್ದರೆ ಅಂದಿನ ಓಟ ಮುಗಿಯಿತೆಂದೇ ತಿಳಿಯಬೇಕು. ತೂರಾಡಿದರೆ ನೆರಳಿಗೆ ತಂದು, ಮೈಯೆಲ್ಲ ನೀರು ಹೊಯ್ದು, ಗಾಳಿ ಬೀಸಿ, ಪಶುವೈದ್ಯರಲ್ಲಿಗೆ ಒಯ್ಯಬೇಕು.

ಹಾಗಿದ್ದರೆ ತಂಪು ಹೊತ್ತಿನಲ್ಲಿ, ನಸುಕಿಗೆ ಮುಂಚೆಯೇ ಓಡಿದರಾಯಿತಲ್ಲ ಎನ್ನಬಹುದು. ಮೈಸೂರಿನ ಬಡಾವಣೆಯಲ್ಲಿ ಇದು ಸರಿಯಾದ ಉತ್ತರ. ಹೂಗ್ಯಂನಲ್ಲಿ ಅಲ್ಲ. ಇಲ್ಲಿನ ಸುತ್ತಣ ಕಾಡು ೨೦೧೩ರಲ್ಲಿ ಘೋಷಿತವಾದ ಸುಮಾರು ೯೦೬ ಚದರ ಕಿಲೋಮೀಟರಿನ ಮಲೆ ಮಹದೇಶ್ವರ ವನ್ಯಜೀವಿಧಾಮಕ್ಕೆ ಸೇರಿದುದು. ರಾಗಿ ಹೊಲಕ್ಕೆ ಇಳಿದ ಆನೆ ಕಾಡಿಗೆ ಮರಳುವುದೂ, ಚಿರತೆ ಊರಂಚಿನಲ್ಲಿ ಸುಳಿಯುವುದೂ ಅದೇ ತಂಪು ಹೊತ್ತಿನಲ್ಲಿ. ಚಿರತೆಗೆ ನಾಯಿ ಸುಲಭದ ಆಹಾರ. ಆನೆಯ ಮಾತು ಬೇರೆ. ಬಿಟ್ಟ ನಾಯಿ ಆನೆಯನ್ನು ಕಂಡು ಬೊಗಳುತ್ತದೆ, ಆನೆ ತಿರುಗಿಬೀಳುತ್ತದೆ, ನಾಯಿ ರಕ್ಷಣೆಗಾಗಿ ನೇರವಾಗಿ ಒಡೆಯನ ಬಳಿಗೇ ಓಡಿಬರುತ್ತದೆ!

ಅಪಾಯ ಒಂದೇ ಕಡೆಯದೂ ಅಲ್ಲ. ೨೦೨೫ರ ಜೂನ್ ತಿಂಗಳಲ್ಲಿ ಹೂಗ್ಯಂ ವಲಯದ ಮೀಣ್ಯಂ ಕಾಡಿನಲ್ಲಿ ಒಂದು ತಾಯಿಹುಲಿ ಮತ್ತು ಅದರ ನಾಲ್ಕು ಮರಿಗಳು ವಿಷವಿಕ್ಕಿದ ಹಸುವಿನ ಕಳೇಬರವನ್ನು ತಿಂದು ಸತ್ತವು. ಅಂಥ ಕಳೇಬರಕ್ಕೆ ಬಿಟ್ಟ ನಾಯಿಯೂ ಬಾಯಿ ಹಾಕಬಹುದು. ನಾಯಿಯಿಂದ ಕಾಡಿಗೂ ಕೇಡುಂಟು: ೨೦೧೮ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಅವುಗಳಲ್ಲಿ ಹಲವದರಲ್ಲಿ ಪತ್ತೆಯಾದುದು ನಾಯಿಗಳಿಗೆ ತಗಲುವ ಡಿಸ್ಟೆಂಪರ್ ರೋಗದ ವೈರಾಣು. ಸಾಕುನಾಯಿಗೆ ಈ ರೋಗಕ್ಕೂ ಹುಚ್ಚಿಗೂ ಲಸಿಕೆ ಹಾಕಿಸುವುದು ಓಟಕ್ಕೆ ಮುಂಚಿನ ಕೆಲಸ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ, ಹೆದ್ದಾರಿಯಲ್ಲಿ ಹಾದುಹೋಗುವುದರಂಥ ಕೆಲವು ಸಂದರ್ಭಗಳನ್ನು ಬಿಟ್ಟರೆ, ಅನುಮತಿಯಿಲ್ಲದೆ ಧಾಮದೊಳಕ್ಕೆ ಕಾಲಿಡುವಂತೆಯೇ ಇಲ್ಲ.

ಹೀಗೆ ಬಿಸಿಲು ಒಂದು ಕಡೆಯಿಂದ, ಕಾಡು ಇನ್ನೊಂದು ಕಡೆಯಿಂದ ಒತ್ತಿ, ನಮಗೆ ಉಳಿಯುವುದು ಚೆನ್ನಾಗಿ ಬೆಳಕು ಹರಿದ ಮೇಲಿನ ಸುಮಾರು ಒಂದು ಗಂಟೆ. ಅಷ್ಟರಲ್ಲಿ, ಊರಿನ ನಡುವಣ ರಸ್ತೆಯಲ್ಲಿ, ಗಿಡ್ಡ ಹಗ್ಗ ಹಿಡಿದು ಓಡಬೇಕು. ಮೊದಲ ತಿಂಗಳುಗಳ ಅರ್ಧ ಗಂಟೆಗೆ ಇದು ಧಾರಾಳ. ಮಾರ್ಚಿಯಿಂದ ಮೇ ತನಕ ನಾಯಿಗೆ ನಡಿಗೆಯೇ ಸಾಕೆಂದು ನನ್ನ ಅಭಿಪ್ರಾಯ. ಓಟ ಬೇಕಾದವರು ಅದನ್ನು ಮನೆಯಲ್ಲಿ ಬಿಟ್ಟು ಓಡಲಿ.

ಕೊನೆಯದಾಗಿ ಒಂದೆರಡು ಸಣ್ಣ ಸಂಗತಿ. ಬೆಳೆಯುತ್ತಿರುವ ಮರಿಯ ಮೂಳೆ ಎಳಸು; ವರ್ಷ ತುಂಬುವ ತನಕ, ದೊಡ್ಡ ಜಾತಿಯದಾದರೆ ಒಂದೂವರೆ ವರ್ಷದ ತನಕ, ಉದ್ದ ಓಟ ಬೇಡ. ಮನೆಗೆ ಬಂದೊಡನೆ ಅಂಗಾಲುಗಳನ್ನು ಎತ್ತಿ, ಮುಳ್ಳು ಅಥವಾ ಬಿರುಕು ಇದೆಯೇ ಎಂದು ನೋಡಬೇಕು. ಓಟಕ್ಕೆ ಮುಂಚೆ ಹೊಟ್ಟೆ ತುಂಬ ಹಾಕಬಾರದು: ಆಳವಾದ ಎದೆಯ ನಾಯಿಗಳಲ್ಲಿ ಜಠರ ಉಬ್ಬಿ ತಿರುಚಿಕೊಳ್ಳುವುದುಂಟು. ಬಂದ ಮೇಲೆ ನೀರನ್ನು ಸ್ವಲ್ಪ ಸ್ವಲ್ಪವಾಗಿ ಕೊಟ್ಟು, ತೇಕು ಪೂರ್ತಿ ನಿಂತು ಅರ್ಧ ಗಂಟೆಯಾದ ಅನಂತರ ಮುದ್ದೆ ಹಾಕಬಹುದು.