ದಡಿಗೆ ಹೆಸರಿದ್ದಾಂಗ ಪುಟಕ್ಕ ಟ್ಯಾಗ್: ಕೆರೂರ ಕಾಕಾನ ಕಿವಿಮಾತು

ತಂಗಿ, ಹುಬ್ಬಳ್ಳ್ಯಾಗ ಕೆಲಸಕ್ಕ ಸೇರಿದಿ, ಆದ್ರ ಕೈಗೆ ಕೊಟ್ಟಿದ್ದು ಹಳೇ ಜೆಎಸ್‌ಪಿ ಪುಟ ಅಂತ ಮೊನ್ನೆ ಫೋನಿನ್ಯಾಗ ದನಿ ಸಣ್ಣ ಮಾಡಿದಿ. ಹಳೇದಂದ್ರ ಕೆಟ್ಟದ್ದೇನಲ್ಲ. ಇಳಕಲ್ಲ ಸೀರಿ ನೇಯೋರ ಮುಂದ ‘ಗೋಮಿ ದಡಿ’ ಅಂದ್ರ ಸಾಕು. ಎಳಿ ಹೆಂಗ ಹಿಡೀಬೇಕು ಅಂತ ಬಿಡಿಸಿ ಹೇಳೂದು ಬ್ಯಾಡ. ಪರಾಸಪೇಟ, ಗಾಡಿ, ಇವೂ ಹಂಗ. ಒಂದ ಹೆಸರಿನ್ಯಾಗ ಇಡೀ ಕೆಲಸ ಕುಂತಿರತೈತಿ. ಪುಟದಾಗ ಹಂತಾ ಹೆಸರು ಕಟ್ಟೂದಕ್ಕ ಕಸ್ಟಮ್ ಟ್ಯಾಗ್ ಅಂತಾರ. 1999ರ ಜೆಎಸ್‌ಪಿ 1.1ರಿಂದನೂ ಇದು ಐತಿ. ಇದರಾಗ ಕೈ ಸುಟಗೊಂಡು ಕಲಿತದ್ದನ್ನ ಬರದೇನಿ, ಓದು.

• ಮೂರನೇ ಸಲ ಬರೂ ತನಕ ತಡಿ. ಒಂದ ಪುಟದಾಗ ಒಂದ ಸಲ ಬರೂ ಕೆಲಸಕ್ಕ ಟ್ಯಾಗ್ ಕಟ್ಟಬ್ಯಾಡ. ಮೂರು ಪುಟದಾಗ ಅದ ಹತ್ತು ಸಾಲು ಕಂಡಾಗ ಕಟ್ಟು. ಅದಕ್ಕೂ ಮೊದಲ ಟ್ಯಾಗಿನ ಗಂಟು ಜೆಎಸ್‌ಟಿಎಲ್ ತಗದು ನೋಡು. ‘ಇದ್ದರ ತೋರಸು’, ‘ಒಂದೊಂದಾಗಿ ತಿರುಗು’ ಅನ್ನೂ ಕೆಲಸಾ ಎಲ್ಲಾ 2002ರಿಂದ ಅದರಾಗ ತಯಾರ ಅದಾವ.

• ಬರೇ ಎಚ್‌ಟಿಎಮ್‌ಎಲ್ ಇದ್ದರ ಟ್ಯಾಗ್ ಫೈಲ್ ಸಾಕು. ತಲಿಪಟ್ಟಿ, ಕೋಷ್ಟಕ, ಫಾರಮ್ಮಿನ ಒಂದು ಖಾನೆ, ಇಂಥಾವಕ್ಕ ಜಾವಾ ಕ್ಲಾಸ್ ಯಾಕ? ವೆಬ್-ಇನ್ಫ್ ಒಳಗ ‘ಟ್ಯಾಗ್ಸ್’ ಅನ್ನೂ ಫೋಲ್ಡರ್ ಮಾಡಿ ಡಾಟ್ ಟ್ಯಾಗ್ ಫೈಲ್ ಇಡು. ಫೈಲಿನ ಹೆಸರ ಟ್ಯಾಗಿನ ಹೆಸರು. 2003ರ ಜೆಎಸ್‌ಪಿ 2.0 ಕೊಟ್ಟ ದೊಡ್ಡ ಉಪಕಾರ ಇದು.

• ಲೆಕ್ಕ ಇದ್ದಲ್ಲಿ ಜಾವಾಕ್ಕ ಹೋಗು. ನಮ್ಮ ರೂಪಾಯಿನ ನೋಡು. ಜಾವಾದ ಡೆಸಿಮಲ್‌ಫಾರ್ಮ್ಯಾಟಿಗೆ ಲಕ್ಷದ ಲೆಕ್ಕ ಬರೂದಿಲ್ಲ. ಮಾದರಿಯೊಳಗ ಅಲ್ಪವಿರಾಮ ಎಲ್ಲೆಲ್ಲಿ ಇಟ್ಟರೂ ಕಡೀ ಗುಂಪಿನ ಅಳತಿನ ಹಿಡದು 12,34,567 ಬರಿಯೋ ಕಡೆ 1,234,567 ಬರಿತೈತಿ. ಸಂತ್ಯಾಗ ಯಾರರ ಹಂಗ ಓದತಾರೇನು? ‘ಸಿಂಪಲ್‌ಟ್ಯಾಗ್‌ಸಪೋರ್ಟ್’ ಹಿಡದು ಒಂದು ‘ರೂಪಾಯಿ’ ಟ್ಯಾಗ್ ಕಟ್ಟು, ‘ಡೂಟ್ಯಾಗ್’ ಒಳಗ ಐಸಿಯು ಲೈಬ್ರರಿ ಕರೀ. ಅದಕ್ಕ ನಮ್ಮ ಗುಂಪು ಗೊತ್ತೈತಿ. ಪುಟ ಬರಿಯೋರು ‘ರೂಪಾಯಿ’ ಅಂದ್ರ ಮುಗೀತು.

• ಕೊಂಡಿ ಸಡಲ ಬಿಡಬ್ಯಾಡ. ಇಳಕಲ್ಲ ಸೀರ್ಯಾಗ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳಿಗೆ ಎಳಿ ಕುಣಿಕಿ ಹಾಕಿ ಕೂಡಸತಾರ, ಅದು ಕೊಂಡಿ. ಜಾವಾ ಕ್ಲಾಸಿಗೂ ಪುಟಕ್ಕೂ ಟಿಎಲ್‌ಡಿ ಫೈಲ್ ಹಂತಾ ಕೊಂಡಿ. ಟ್ಯಾಗಿನ ಹೆಸರು, ಕ್ಲಾಸು, ಆಟ್ರಿಬ್ಯೂಟು, ಯಾವುದು ಕಡ್ಡಾಯ, ಎಲ್ಲಾ ಅಲ್ಲೇ ಬರೀಬೇಕು. ‘ಆರ್‌ಟಿ-ಎಕ್ಸ್‌ಪ್ರ್-ವ್ಯಾಲ್ಯೂ’ಗೆ ‘ಟ್ರೂ’ ಅನ್ನಲಿಲ್ಲಂದ್ರ ಆಟ್ರಿಬ್ಯೂಟಿನ್ಯಾಗ ಡಾಲರ್ ಕಂಸದ ಮಾತು ನಡಿಯೂದಿಲ್ಲ. ಟಿಎಲ್‌ಡಿಯೊಳಗಿನ ಯುಆರ್‌ಐ ಬರೇ ಗುರುತಿನ ಹೆಸರು. ಬ್ರೌಸರಿನ್ಯಾಗ ಅದು ತೆರೀಲಿಲ್ಲ ಅಂತ ತಲಿ ಕೆಡಿಸಿಗೋಬ್ಯಾಡ.

• ಹಳೇ ನಮೂನಿ ಟ್ಯಾಗಿಗೆ ಅಂಜು. ‘ಟ್ಯಾಗ್‌ಸಪೋರ್ಟ್’ನಿಂದ ಹುಟ್ಟಿದ ಟ್ಯಾಗನ್ನ ಸರ್ವರ್ ಒಮ್ಮೆ ಮಾಡಿ ಮತ್ತ ಮತ್ತ ಬಳಸಬಹುದು. ನಾ ಒಂದು ಪಾವತಿ ಪುಟಕ್ಕ ಒಟ್ಟು ಮೊತ್ತ ಕೂಡಸೂ ಟ್ಯಾಗ್ ಬರದಿದ್ದೆ. ‘ಡೂಸ್ಟಾರ್ಟ್‌ಟ್ಯಾಗ್’ನ್ಯಾಗ ಮೊತ್ತಾ ಸೊನ್ನಿ ಮಾಡೂದು ಮರತಿದ್ದೆ. ಒಬ್ಬರ ಪಾವತಿ ಹಿಂದಿನವರ ಮೊತ್ತದಿಂದ ಸುರು ಆತು. ಒಬ್ಬನ ಕುಂತು ಪರೀಕ್ಷೆ ಮಾಡುವಾಗ ಎಲ್ಲಾ ಸರಿ ಇತ್ತು, ಜನ ಕೂಡಿದಾಗ ಕೆಟ್ಟಿತು. ಸಿಂಪಲ್ ಟ್ಯಾಗ್ ಪ್ರತಿ ಸಲ ಹೊಸದಾಗಿ ಹುಟ್ಟತೈತಿ. ಹೊಸಾದು ಬರಿಯೂದಾದ್ರ ಅದನ್ನ ಬರಿ.

• ಹೊರಗಿಂದ ಬಂದ ಮಾತು ಸೋಸದ ಹಾಕಬ್ಯಾಡ. ಜೆಎಸ್‌ಟಿಎಲ್‌ನ ‘ಔಟ್’ ಟ್ಯಾಗ್ ಕೋನದ ಗುರುತನ್ನ ತಾನ ಬದಲಿಸಿ ಕೊಡತೈತಿ. ನೀ ಬರದ ಟ್ಯಾಗ್ ಕೊಡೂದಿಲ್ಲ, ಅದು ನಿನ್ನ ಜವಾಬ್ದಾರಿ. ಹೆಸರಿನ ಖಾನೆಯೊಳಗ ಒಂದು ಸ್ಕ್ರಿಪ್ಟ್ ತುಂಬಿ ಏನಾಗತೈತಿ ನೋಡು. ಪುಟದಾಗ ಅದು ಓಡಿದ್ರ, ನಿನ್ನ ಟ್ಯಾಗ್ ಇದ್ದ ಅಷ್ಟೂ ಪುಟ ಸೋರತಾವ.

• ಕನ್ನಡಕ್ಕ ಎರಡೂ ಕಡೆ ಹೇಳು. ಪುಟಕ್ಕ ಯುಟಿಎಫ್-8 ಅಂದ್ರ ಟ್ಯಾಗ್ ಫೈಲಿಗೂ ಹೇಳಿದಂಗ ಆಗೂದಿಲ್ಲ. ಅದರ ತಲೀ ಮ್ಯಾಲ ‘ಪೇಜ್‌ಎನ್‌ಕೋಡಿಂಗ್’ ಬ್ಯಾರೆನ ಬರಿ. ಇಲ್ಲಂದ್ರ ಅದು ಐಎಸ್‌ಒ-8859-1 ಅಂತ ತಿಳಕೊಂಡು ‘ಬಾಗಲಕೋಟೆ’ಯನ್ನ ಗುರುತ ಸಿಗದಾಂಗ ಮಾಡತೈತಿ.

• ಟ್ಯಾಗಿನ್ಯಾಗ ಡೇಟಾಬೇಸ್ ಮುಟ್ಟಬ್ಯಾಡ. 200 ಸಾಲಿನ ಕೋಷ್ಟಕದಾಗ ಹಂತಾ ಟ್ಯಾಗ್ ಕುಂತ್ರ 200 ಸಲ ಡೇಟಾಬೇಸಿಗೆ ಓಡತೈತಿ. ಪುಟ ಬರಿಯೋರಿಗೆ ಅದು ಕಾಣೂದೂ ಇಲ್ಲ. ಸರ್ವ್ಲೆಟ್ ತಂದು ಕೊಡಲಿ, ಟ್ಯಾಗ್ ತೋರಸಲಿ.

• ಸಣ್ಣ ಟ್ಯಾಗಿನ ಕಿಮ್ಮತ್ತು ನೋಡಿ ಕಲಿ. 2003ರಾಗ ಬೆಂಗಳೂರಾಗ ಸುರು ಆದ ಇ-ಗವರ್ನಮೆಂಟ್ಸ್ ಫೌಂಡೇಶನ್ನಿನವರು ನಗರಸಭೆಗೆ ಮಾಡಿದ ಜಾವಾ ತಂತ್ರಾಂಶದ ಕೋಡ್ ಎಲ್ಲಾರಿಗೂ ತೆರದು ಇಟ್ಟಾರ. ಅದರ ಜೆಎಸ್‌ಪಿ ಪುಟಗಳೊಳಗ ಸ್ಕ್ರಿಪ್ಟು, ಸ್ಟೈಲ್ ಫೈಲಿನ ವಿಳಾಸ ಬರಿಯಾಕ ‘ಸಿಡಿಎನ್’ ಅನ್ನೂ ಮುನ್ನೊಟ್ಟಿನ (ಪ್ರಿಫಿಕ್ಸ್) ತಮ್ಮದ ಟ್ಯಾಗ್ ಐತಿ. ಕೆಲಸ ಒಂದ. ನಾಳೆ ಫೈಲ್ ಇಡೂ ಜಾಗಾ ಬದಲಾದ್ರ ಪುಟ ಪುಟಕ್ಕ ಕೈ ಹಾಕೂದು ತಪ್ಪತೈತಿ. ನಿನ್ನ ಮುನ್ನೊಟ್ಟೂ ಹಂಗ ಗಿಡ್ಡ ಇರಲಿ. ‘ಜೆಎಸ್‌ಪಿ’, ‘ಜಾವಾ’, ‘ಸನ್’ ಇವನ್ನ ಮಾತ್ರ ಮುಟ್ಟಬ್ಯಾಡ, ಕಾಯ್ದಿಟ್ಟ ಹೆಸರು ಅವು.

• ಸರ್ವರ್ ಬದಲಸೂ ಮುಂಚೆ ಕೇಳು. 2020ರ ಜಕಾರ್ತಾ ಇಇ 9ರಿಂದ ‘ಜಾವಾಕ್ಸ್’ ಇದ್ದ ಪ್ಯಾಕೇಜ್ ಹೆಸರು ‘ಜಕಾರ್ತಾ’ ಆಗ್ಯಾವ. ಟಾಮ್‌ಕ್ಯಾಟ್ 9ರಾಗ ಓಡಿದ ಟ್ಯಾಗ್ ಕ್ಲಾಸು 10ರಾಗ ಹಂಗ ಓಡೂದಿಲ್ಲ. ಬದಲಿಸಿ ಕೊಡೂ ಉಪಕರಣ ಟಾಮ್‌ಕ್ಯಾಟಿನವರದ ಐತಿ.

• ಉದಾಹರಣಿ ಬರದಿಡು. ಟಿಎಲ್‌ಡಿಯೊಳಗ ವಿವರಣೆ, ಉದಾಹರಣೆ ಬರಿಯಾಕ ಜಾಗಾ ಐತಿ. ಬಾಳ ಮಂದಿ ಖಾಲಿ ಬಿಡತಾರ. ನಿನ್ನ ಹಿಂದ ಬರೂ ಹುಡುಗ ಕ್ಲಾಸ್ ತಗದು ಓದೂದಿಲ್ಲ, ಆ ಎರಡು ಸಾಲು ಓದತಾನ.

ಬನಶಂಕರಿ ಜಾತ್ರಿಗೆ ಬರುವಾಗ ಲ್ಯಾಪ್‌ಟಾಪ್ ತಾ. ನಿನ್ನ ಟ್ಯಾಗಿನ ಹೆಸರಷ್ಟ ನನಗ ಓದಿ ಹೇಳು. ಒಳಗ ಏನ ಮಾಡತೈತಿ ಅಂತ ನಾ ಹೇಳಲಿಲ್ಲಂದ್ರ ಕೋಡ್ ಇರಲಿ ಬಿಡು, ಹೆಸರು ಬದಲಸು.